ಗಾಳಿಯ ಗುಟ್ಟು ಬಾಲದಲ್ಲಿ

1899ರ ಏಪ್ರಿಲ್ 29ರಂದು ಪ್ಯಾರಿಸ್ ಸಮೀಪದ ಆಶೇರ್‌ನಲ್ಲಿ ಬೆಲ್ಜಿಯಂನ ಕಮೀಯ್ ಜೆನಾಟ್ಜಿ ತನ್ನ ವಿದ್ಯುತ್ ಕಾರನ್ನು ಗಂಟೆಗೆ 105.88 ಕಿ.ಮೀ. ವೇಗದಲ್ಲಿ ಓಡಿಸಿದ. ರಸ್ತೆ ವಾಹನವೊಂದು ನೂರರ ಗಡಿ ದಾಟಿದ್ದು ಅದೇ ಮೊದಲು. ‘ಲಾ ಜಮೆ ಕೊಂತಾಂತ್’ ಎಂಬ ಆ ಕಾರಿನ ಹಗುರ ಲೋಹದ ಮೈ ಟಾರ್ಪಿಡೊದಂತೆ ಎರಡೂ ಕಡೆ ಚೂಪಾಗಿತ್ತು. ಆದರೆ ಚಕ್ರಗಳು ಬಯಲಿಗೆ ಬಿದ್ದಿದ್ದವು, ಚಾಲಕನ ಎದೆಯೇ ಗಾಳಿಗೆ ಅಡ್ಡಗೋಡೆಯಾಗಿತ್ತು.

ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದನ್ನು ಮೀರಲು ಎಂಟು ಪಟ್ಟು ಶಕ್ತಿ ಬೇಕು. ಹಾಗಾಗಿ ಎಂಜಿನ್ ಹಿಗ್ಗಿಸುವುದಕ್ಕೊಂದು ಮಿತಿಯಿದೆ. ಉಳಿದ ದಾರಿ ಕಾರಿನ ಆಕಾರ ತಿದ್ದುವುದು. ಆದರೆ ಮೂತಿ ಚೂಪಾದರೆ ಸಾಲದು. ಹಿಂಬದಿಯಲ್ಲಿ ಗಾಳಿ ಕಾರಿನ ಮೈ ಬಿಟ್ಟು ಸುಳಿಯಾದರೆ ಅಲ್ಲಿ ಒತ್ತಡ ಕುಸಿದು, ಕಾರನ್ನು ಹಿಂದಕ್ಕೆ ಜಗ್ಗುತ್ತದೆ.

ಈ ತಿಳಿವನ್ನು ರಸ್ತೆಗೆ ತಂದವರು ಆಕಾಶದ ಕೆಲಸ ಬಲ್ಲವರು. ವಿಮಾನ ತಯಾರಕ ಎಡ್ಮಂಡ್ ರುಂಪ್ಲರ್ 1921ರ ಬರ್ಲಿನ್ ಮೋಟಾರು ಪ್ರದರ್ಶನದಲ್ಲಿ ‘ಟ್ರಾಪ್‌ಫೆನ್‌ವಾಗೆನ್’ ಕಾರನ್ನು ಜನರ ಮುಂದಿಟ್ಟ. ಮೇಲಿನಿಂದ ನೋಡಿದರೆ ಅದು ನೀರಹನಿಯ ಆಕಾರ: ಮುಂದೆ ದುಂಡಗೆ, ಹಿಂದೆ ಕಿರಿದು. 1979ರಲ್ಲಿ ಉಳಿದಿದ್ದ ಒಂದು ಕಾರನ್ನು ಫೋಕ್ಸ್‌ವ್ಯಾಗನ್ ತನ್ನ ಗಾಳಿ ಸುರಂಗದಲ್ಲಿ ಪರೀಕ್ಷಿಸಿದಾಗ ಅದರ ತಡೆಯ ಗುಣಾಂಕ ಕೇವಲ 0.28 ಎಂದು ತಿಳಿಯಿತು. ಇಂದಿನ ಎಷ್ಟೋ ಕಾರುಗಳ ಅಂಕಿಯೂ ಅದರ ಆಸುಪಾಸಿನಲ್ಲೇ ಇದೆ.

ಜೆಪ್ಪೆಲಿನ್ ವಾಯುನೌಕೆಗಳಿಗೆ ರೂಪ ಕೊಡುತ್ತಿದ್ದ ಪೌಲ್ ಯಾರಾಯ್ ಇನ್ನೂ ಆಳಕ್ಕೆ ಹೋದ. ಬಯಲು ಗಾಳಿಯಲ್ಲಿ ತೇಲುವ ನೌಕೆಗೆ ಒಪ್ಪುವ ಆಕಾರ ನೆಲಕ್ಕಂಟಿಕೊಂಡೇ ಓಡುವ ಕಾರಿಗೆ ಒಪ್ಪದು, ಕೆಳಗಿನ ನೆಲವೂ ಗಾಳಿಯ ದಾರಿ ಬದಲಿಸುತ್ತದೆ ಎಂಬುದನ್ನು ಅವನು ಕಂಡುಕೊಂಡ. ಹನಿಯನ್ನು ಉದ್ದಕ್ಕೆ ಸೀಳಿ ಅರ್ಧವನ್ನು ನೆಲದ ಮೇಲೆ ಕವುಚಿಟ್ಟಂಥ ಮೈ, ಅದರ ಮೇಲೆ ಜನ ಕೂರಲು ಇನ್ನೊಂದು ಕಿರಿದಾದ ಹನಿ: ಇದು ಅವನ ಸೂತ್ರ. ಹ್ಯಾನ್ಸ್ ಲೆಡ್ವಿಂಕಾ ಇದನ್ನೇ ಹಿಡಿದು 1934ರಲ್ಲಿ ಚೆಕೊಸ್ಲೊವಾಕಿಯಾದ ಟಾಟ್ರಾ 77 ಕಾರನ್ನು ರೂಪಿಸಿದ. ಗಾಳಿಯಿಂದಲೇ ತಣಿಯುವ ಎಂಟು ಸಿಲಿಂಡರಿನ ಎಂಜಿನ್ ಹಿಂಬದಿಯಲ್ಲಿತ್ತು. ಸುಮಾರು 60 ಅಶ್ವಶಕ್ತಿಯಲ್ಲೇ ಆ ದೊಡ್ಡ ಕಾರು ಗಂಟೆಗೆ 140 ಕಿ.ಮೀ. ಮುಟ್ಟುತ್ತಿತ್ತು. ಅದೇ ವರ್ಷ ಅಮೆರಿಕದಲ್ಲಿ ಬಂದ ಕ್ರೈಸ್ಲರ್ ಏರ್‌ಫ್ಲೋ ಮಾತ್ರ ಕೊಳ್ಳುವವರ ಕಣ್ಣಿಗೆ ಒಗ್ಗದೆ ಸೋತಿತು.

ಉಳಿದ ತೊಡಕು ಉದ್ದನೆಯ ಬಾಲದ್ದು. ಗಾಳಿಗೆ ಹಿತವಾದ ಆ ಬಾಲದೊಳಗೆ ಯಾರೂ ಕೂರುವಂತಿಲ್ಲ, ಪೇಟೆಯಲ್ಲಿ ಕಾರು ತಿರುಗಿಸುವುದೂ ಕಷ್ಟ. 1930ರ ದಶಕದಲ್ಲಿ ಸ್ಟಟ್‌ಗಾರ್ಟ್‌ನ ವುನಿಬಾಲ್ಡ್ ಕಾಮ್ ಮತ್ತು ರೈನ್‌ಹಾರ್ಡ್ ಫಾನ್ ಕೋನಿಗ್-ಫಾಕ್ಸೆನ್‌ಫೆಲ್ಡ್ ಇದಕ್ಕೆ ದಾರಿ ತೋರಿದರು. ಮೈಯನ್ನು ನಯವಾಗಿ ಇಳಿಸುತ್ತ ಹೋಗಿ, ಗಾಳಿ ಕಳಚಿಕೊಳ್ಳುವ ಮುನ್ನವೇ ಬಾಲವನ್ನು ನೇರವಾಗಿ ಕಡಿದುಬಿಟ್ಟರೆ ಸುಳಿ ಚಿಕ್ಕದಾಗಿಯೇ ಉಳಿಯುತ್ತದೆ, ನಷ್ಟ ಅತ್ಯಲ್ಪ. ಟೊಯೊಟಾ ಪ್ರಿಯಸ್‌ನ ಮೊಂಡು ಹಿಂಬದಿಯಲ್ಲಿ ಈ ತತ್ವವೇ ಇಂದು ಇಂಧನ ಉಳಿಸುತ್ತಿದೆ.

ವೇಗದ ಚರಿತ್ರೆ ದಾಖಲೆ ಮುರಿದ ಚಾಲಕರ ಹೆಸರುಗಳಿಂದ ತುಂಬಿದೆ. ಎಂಜಿನ್ನಿಗೆ ಒಂದು ಅಶ್ವಶಕ್ತಿಯನ್ನೂ ಕೂಡಿಸದೆ ವೇಗ ಹೆಚ್ಚಿಸಿದ ಯಾರಾಯ್, ಕಾಮ್ ಅಂಥವರಿಗೂ ಅಲ್ಲಿ ಸಮನಾದ ಜಾಗ ಸಲ್ಲಬೇಕು.