ಹಳೆಯ ಕಾರಿಗೆ ಹೊಸ ತಂಪು

1939ರ ನವೆಂಬರಿನಲ್ಲಿ ಅಮೆರಿಕದ ಷಿಕಾಗೋ ವಾಹನ ಪ್ರದರ್ಶನಕ್ಕೆ ಪ್ಯಾಕರ್ಡ್ ಕಂಪೆನಿ ಒಂದು ವಿಶೇಷ ಕಾರನ್ನು ತಂದು ನಿಲ್ಲಿಸಿತು. ಕಿಟಕಿಯ ಗಾಜುಗಳನ್ನೆಲ್ಲ ಏರಿಸಿ ಕುಳಿತರೂ ಒಳಗೆ ತಂಪೋ ತಂಪು! ಈ ಸೌಕರ್ಯಕ್ಕೆ ಕಾರಿನ ಬೆಲೆಯ ಮೇಲೆ 274 ಡಾಲರ್ ಹೆಚ್ಚಿಗೆ ತೆರಬೇಕಿತ್ತು. ಆದರೆ ತಂಪು ಸಾಕೆನಿಸಿದಾಗ ಅದನ್ನು ನಿಲ್ಲಿಸುವ ಬಗೆ ಮಾತ್ರ ತಮಾಷೆಯದು. ಎಂಜಿನ್ ಬಂದ್ ಮಾಡಿ, ಕೆಳಗಿಳಿದು, ಬಾನೆಟ್ ಎತ್ತಿ, ಕಂಪ್ರೆಸರಿನ ಬೆಲ್ಟನ್ನು ಕೈಯಾರೆ ಕಳಚಬೇಕು. 1941ರ ನಂತರ ಕಂಪೆನಿ ಈ ವ್ಯವಸ್ಥೆಯನ್ನೇ ಕೈಬಿಟ್ಟಿತು.

ಯುದ್ಧ ಮುಗಿದು ಐವತ್ತರ ದಶಕ ಬಂದಾಗ ಹವಾನಿಯಂತ್ರಣ ಕಾರುಗಳಿಗೆ ಮರಳಿತು. ಅರವತ್ತರ ದಶಕದಲ್ಲಿ ಅದು ಮಧ್ಯಮ ವರ್ಗದವರ ಕಾರಿಗೂ ಇಳಿಯಿತು. 1964ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂದ ಫೋರ್ಡ್ ಮಸ್ಟಾಂಗ್ ಅಂಥ ಒಂದು ಕಾರು. ಅದರ 1966ರ ಮಾದರಿಯನ್ನು ಇಂದಿಗೂ ಒರೆಸಿ, ಹೊಳಪು ಕೊಟ್ಟು ಓಡಿಸುವ ಅಭಿಮಾನಿಗಳು ಅಮೆರಿಕದಲ್ಲಿ ಸಾವಿರಾರು ಮಂದಿ. ಟೆಕ್ಸಾಸ್, ಅರಿಜೋನಾ ರಾಜ್ಯಗಳ ಬೇಸಿಗೆ ನಮ್ಮ ರಾಯಚೂರಿನ ಬೇಸಿಗೆಗೆ ಸಾಟಿ. ಅಲ್ಲಿ ಹಳೆಯ ಕಾರಿನ ಎ.ಸಿ. ಕೆಟ್ಟಿತೆಂದರೆ ಯಜಮಾನನ ಮುಂದೆ ಒಂದು ಒಗಟೇ ನಿಲ್ಲುತ್ತದೆ. 'ಗ್ಯಾಸ್ ತುಂಬಿಸಿದರೆ ಆಯಿತಲ್ಲ' ಎನ್ನುವಷ್ಟು ಸುಲಭ ಅದಲ್ಲ.

ಏಕೆಂದರೆ ಎ.ಸಿ. ಎಂಬುದು ತಂಪನ್ನು ಉತ್ಪಾದಿಸುವ ಯಂತ್ರವಲ್ಲ. ತಂಪು ಎಂಬ ವಸ್ತುವೇ ಇಲ್ಲ. ಇರುವುದು ಶಾಖ ಮಾತ್ರ. ಅದನ್ನು ಒಂದು ಕಡೆಯಿಂದ ಹೊತ್ತು ಇನ್ನೊಂದು ಕಡೆ ಸುರಿಯುವ ಹಮಾಲಿ ಕೆಲಸ ಎ.ಸಿ.ಯದು. ಅಂಗೈಗೆ ಸ್ಪಿರಿಟ್ ಹಚ್ಚಿ ಊದಿದರೆ ತಣ್ಣಗಾಗುವುದನ್ನು ಎಲ್ಲರೂ ಕಂಡಿದ್ದಾರೆ. ದ್ರವ ಆವಿಯಾಗುವಾಗ ಗುಪ್ತೋಷ್ಣವನ್ನು ಅಂಗೈಯಿಂದ ಕಿತ್ತುಕೊಳ್ಳುತ್ತದೆ. ಕಾರಿನ ಡ್ಯಾಷ್‌ಬೋರ್ಡಿನ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ನಡೆಯುವುದೂ ಇದೇ. ಶೀತಕ ದ್ರವ ಅಲ್ಲಿ ಕಡಿಮೆ ಒತ್ತಡದಲ್ಲಿ ಕುದಿದು, ಕಾರಿನೊಳಗಿನ ಗಾಳಿಯ ಶಾಖವನ್ನು ಹೀರುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಈ ಆವಿಯನ್ನು ಅದುಮಿ ಬಿಸಿಯಾಗಿಸುತ್ತದೆ. ಬಿಸಿ ಆವಿ ಕಾರಿನ ಮೂತಿಯಲ್ಲಿ, ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ಬಂದು, ಹೊರಗಿನ ಗಾಳಿಗೆ ಶಾಖ ಒಪ್ಪಿಸಿ ಮತ್ತೆ ದ್ರವವಾಗುತ್ತದೆ. ಆಮೇಲೆ ಒಂದು ಕಿರಿದಾದ ಎಕ್ಸ್‌ಪ್ಯಾನ್ಷನ್ ವಾಲ್ವಿನ ಮೂಲಕ ಒತ್ತಡ ಕಳೆದುಕೊಂಡು ಪುನಃ ಒಳಗೆ. ಒಳಗೆ ಹೀರಿದ್ದಷ್ಟನ್ನೂ ಮೂತಿಯಲ್ಲಿ ಸುರಿಯಲೇಬೇಕು, ಅದರ ಜೊತೆಗೆ ಕಂಪ್ರೆಸರ್ ಸೇರಿಸಿದ್ದನ್ನೂ. ಈ ಲೆಕ್ಕ ನೆನಪಿದ್ದರೆ ಮುಂದಿನದೆಲ್ಲ ಸಲೀಸು.

1966ರ ಮಸ್ಟಾಂಗಿನ ಕೊಳವೆಗಳಲ್ಲಿ ಹರಿಯುತ್ತಿದ್ದ ಶೀತಕದ ಹೆಸರು ಆರ್-12. ಥಾಮಸ್ ಮಿಜ್ಲಿ ಎಂಬ ಅಮೆರಿಕದ ತಂತ್ರಜ್ಞನ ತಂಡ 1920ರ ದಶಕದ ಕೊನೆಯಲ್ಲಿ ಇದನ್ನು ಹುಡುಕಿತು. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಅಮೋನಿಯ, ಸಲ್ಫರ್ ಡೈಆಕ್ಸೈಡ್‌ಗಳು ಸೋರಿದರೆ ಪ್ರಾಣಕ್ಕೇ ಸಂಚಕಾರ. ಹೊಸ ಅನಿಲ ಸುಡುವುದಿಲ್ಲ, ವಿಷವಲ್ಲ. 1930ರಲ್ಲಿ ಮಿಜ್ಲಿ ವಿಜ್ಞಾನಿಗಳ ಸಭೆಯಲ್ಲಿ ಅದನ್ನು ಎದೆ ತುಂಬ ಎಳೆದುಕೊಂಡು, ಉರಿಯುವ ಮೇಣದ ಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದನಂತೆ. ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯವನ್ನು ಹೇಳಿಕೊಟ್ಟವನೂ ಇವನೇ! ಒಬ್ಬನೇ ಮನುಷ್ಯ ವಾತಾವರಣಕ್ಕೆ ಎರಡು ಬಾರಿ ಪೆಟ್ಟು ಕೊಟ್ಟ, ಎರಡು ಬಾರಿಯೂ ಒಳ್ಳೆಯ ಉದ್ದೇಶದಿಂದಲೇ.

ಆರ್-12ರ ಗುಣವೇ ಅದರ ದೋಷವಾಯಿತು. ಯಾವುದರೊಡನೆಯೂ ವರ್ತಿಸದ ಈ ಅಣು ಕೆಳಗಿನ ವಾತಾವರಣದಲ್ಲಿ ನಾಶವಾಗದೆ ಮೇಲೇರುತ್ತದೆ. ಅಲ್ಲಿ ನೇರಳಾತೀತ ಕಿರಣಗಳು ಅದನ್ನು ಒಡೆದಾಗ ಹೊರಬೀಳುವ ಕ್ಲೋರಿನ್ ಪರಮಾಣು ಓಝೋನ್ ಅಣುಗಳನ್ನು ಒಂದಾದ ಮೇಲೊಂದರಂತೆ ಮುರಿಯುತ್ತ ಹೋಗುತ್ತದೆ. 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಈ ಎಚ್ಚರಿಕೆ ಕೊಟ್ಟರು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಓಝೋನ್ ರಂಧ್ರ ಕಂಡಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಅಮೆರಿಕದಲ್ಲಿ 1995ರ ಕೊನೆಗೆ ಆರ್-12ರ ತಯಾರಿಕೆ ನಿಂತಿತು. ಭಾರತದಂಥ ದೇಶಗಳಿಗೆ 2010ರವರೆಗೆ ಕಾಲಾವಕಾಶವಿತ್ತು. ಈ ಅನಿಲದ ಆಯುಷ್ಯ ಸುಮಾರು 100 ವರ್ಷ. 1966ರ ಬೇಸಿಗೆಯಲ್ಲಿ ಯಾವುದೋ ಕಾರಿನಿಂದ ಸೋರಿಹೋದ ಆರ್-12ರಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಇಂದೂ ನಮ್ಮ ತಲೆಯ ಮೇಲೆ ತೇಲುತ್ತಿದೆ.

ಹೀಗಾಗಿ ಹಳೆಯ ಕಾರಿನವರು ಕ್ಲೋರಿನ್ ಇಲ್ಲದ ಆರ್-134ಎ ಎಂಬ ಶೀತಕಕ್ಕೆ ಬದಲಾಗಬೇಕಾಯಿತು. ಇಲ್ಲಿಂದಲೇ ತೊಡಕು ಶುರು. 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿಯನ್ನು ದ್ರವವಾಗಿಸಲು ಆರ್-12ಕ್ಕೆ ವಾಯುಮಂಡಲದ ಒತ್ತಡದ ಸುಮಾರು 15 ಪಟ್ಟು ಒತ್ತಡ ಸಾಕು. ಆರ್-134ಎಗೆ ಸುಮಾರು ಹದಿನಾರೂವರೆ ಪಟ್ಟು ಬೇಕು. ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ ಅನ್ನಿಸಬಹುದು. ಆದರೆ ಮಸ್ಟಾಂಗಿನ ಹಳೆಯ ಕಂಡೆನ್ಸರ್ ಆರ್-12ರ ಅಳತೆಗೆ ಹೊಲಿದ ಅಂಗಿ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಮೂತಿಗೆ ಗಾಳಿ ಬಡಿಯುವುದಿಲ್ಲ. ಶಾಖ ಹೊರಹೋಗದೆ ಒತ್ತಡ ಏರುತ್ತದೆ, ಕಂಪ್ರೆಸರ್ ಏದುಸಿರು ಬಿಡುತ್ತದೆ, ಒಳಗೆ ಬೆಚ್ಚನೆಯ ಗಾಳಿ ಬೀಸತೊಡಗುತ್ತದೆ. 'ಹೊಸ ಗ್ಯಾಸ್ ಸರಿಯಿಲ್ಲ' ಎಂಬ ದೂರು ಹುಟ್ಟುವುದು ಹೀಗೆ. ವಾಸ್ತವವಾಗಿ ಒಂದು ಕಿಲೋಗ್ರಾಂ ಆರ್-134ಎ ಕುದಿಯುವಾಗ ಆರ್-12ಕ್ಕಿಂತ ಹೆಚ್ಚೇ ಶಾಖ ಹೀರುತ್ತದೆ. ಕೊರತೆ ಇರುವುದು ಸುರಿಯುವ ಕಡೆ.

ಆದ್ದರಿಂದ ಮೊದಲು ಹಣ ಹಾಕಬೇಕಾದದ್ದು ಡ್ಯಾಷ್‌ಬೋರ್ಡಿಗಲ್ಲ, ಮೂತಿಗೆ. ಹಳೆಯ ಕಂಡೆನ್ಸರಿನಲ್ಲಿ ಒಂದೇ ಉದ್ದನೆಯ ಕೊಳವೆ ಹಾವಿನಂತೆ ಅತ್ತಿತ್ತ ಬಳಸಿ ಸಾಗುತ್ತದೆ. ಈಗ ಸಿಗುವ ಸಮಾಂತರ ಹರಿವಿನ ಕಂಡೆನ್ಸರಿನಲ್ಲಿ ಹತ್ತಾರು ಚಪ್ಪಟೆ ಅಲ್ಯೂಮಿನಿಯಂ ಕೊಳವೆಗಳು ಸಾಲಾಗಿದ್ದು, ಪ್ರತಿಯೊಂದರ ಒಳಗೂ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಒಂದು ಕಾಲುವೆಯ ನೀರನ್ನು ಗದ್ದೆಯ ತುಂಬ ಕಿರುಗಾಲುವೆಗಳಾಗಿ ಹರಿಸಿದ ಹಾಗೆ. ಅಷ್ಟೇ ಜಾಗದಲ್ಲಿ ಶಾಖ ಬಿಡುವ ಮೈ ಎಷ್ಟೋ ಹೆಚ್ಚು. ಇದರೊಂದಿಗೆ ಫ್ಯಾನಿನ ಸುತ್ತ ತಗಡಿನ ಹೊದಿಕೆ ಇರಲೇಬೇಕು. ಅದಿಲ್ಲದಿದ್ದರೆ ಫ್ಯಾನು ಎಂಜಿನ್ನಿನ ಬಿಸಿ ಗಾಳಿಯನ್ನೇ ಸುತ್ತಿಸಿ ಸುತ್ತಿಸಿ ಎಳೆಯುತ್ತದೆ. ಅಗ್ಗದ ವಸ್ತು, ಅತಿ ಹೆಚ್ಚು ಮಂದಿ ಮರೆಯುವ ವಸ್ತು.

ಕಂಪ್ರೆಸರಿನ ಸರದಿ ಆಮೇಲಿನದು. ಮಸ್ಟಾಂಗಿಗೆ ಬರುತ್ತಿದ್ದುದು ಯಾರ್ಕ್ ಕಂಪೆನಿಯ ಎರಡು ಪಿಸ್ಟನ್ನಿನ ಕಂಪ್ರೆಸರ್. ಗಟ್ಟಿಮುಟ್ಟು ನಿಜ, ಆದರೆ ನಡುಕ ಹೆಚ್ಚು. ಬದಲಿಗೆ ಜನ ಹಾಕಿಸುವುದು ಜಪಾನಿನ ಸ್ಯಾಂಡೆನ್ ಮಾದರಿಯ ಐದು ಅಥವಾ ಏಳು ಪಿಸ್ಟನ್ನಿನದು. ಹಗುರ, ನುಣುಪಾದ ಓಟ. ಇದು ಎಂಜಿನ್ನಿನಿಂದ ಕಸಿಯುವುದು ಕೆಲವು ಅಶ್ವಶಕ್ತಿ. 4.7 ಲೀಟರಿನ, 200 ಅಶ್ವಶಕ್ತಿಯ ಮಸ್ಟಾಂಗಿಗೆ ಅದು ಸೊಳ್ಳೆ ಕಚ್ಚಿದಂತೆ. ನಮ್ಮ 1489 ಸಿ.ಸಿ. ಅಂಬಾಸಡರ್ ಕಾರಿನ ಕಥೆ ಬೇರೆ. ಅದರ ಹಳೆಯ ಪೆಟ್ರೋಲ್ ಎಂಜಿನ್ನಿನ ಶಕ್ತಿಯೇ ಸುಮಾರು 50 ಅಶ್ವಶಕ್ತಿ. ಡ್ಯಾಷ್‌ಬೋರ್ಡಿನ ಕೆಳಗೆ ಎ.ಸಿ. ಪೆಟ್ಟಿಗೆ ತೂಗುಹಾಕಿಸಿಕೊಂಡವರು ಘಾಟಿ ಏರುವಾಗ ಎ.ಸಿ. ಆರಿಸುತ್ತಿದ್ದುದು ಇದಕ್ಕೇ.

ಎಣ್ಣೆಯ ವಿಚಾರವನ್ನು ಕಡೆಗಣಿಸಿದವರು ಕಂಪ್ರೆಸರನ್ನೇ ಕಳೆದುಕೊಂಡಿದ್ದಾರೆ. ಕಂಪ್ರೆಸರಿಗೆ ಬೇಕಾದ ಎಣ್ಣೆ ಶೀತಕದ ಜೊತೆಯಲ್ಲೇ ಸುತ್ತುತ್ತದೆ. ಹಳೆಯ ಖನಿಜ ತೈಲ ಆರ್-12ರಲ್ಲಿ ಕರಗುತ್ತಿತ್ತು, ಆರ್-134ಎಯಲ್ಲಿ ಕರಗುವುದಿಲ್ಲ. ಕೊಳವೆಗಳ ತಗ್ಗಿನಲ್ಲಿ ಅದು ನಿಂತುಬಿಟ್ಟರೆ ಕಂಪ್ರೆಸರ್ ಒಣಗಿ ಸುಟ್ಟುಹೋಗುತ್ತದೆ. ಹಾಗಾಗಿ ಎಸ್ಟರ್ ಅಥವಾ ಪ್ಯಾಗ್ ಎಂಬ ಕೃತಕ ತೈಲ ಬೇಕು. ಹಳೆಯ ರಬ್ಬರ್ ಪೈಪುಗಳನ್ನು ತೆಗೆದು ಒಳಗೆ ನೈಲಾನ್ ಪದರವಿರುವುದನ್ನು ಹಾಕಬೇಕು. ತೇವ ಹೀರುವ ಡ್ರೈಯರ್ ಡಬ್ಬಿಯೂ ಹೊಸದೇ ಆಗಬೇಕು.

ಇಷ್ಟಕ್ಕೆ ತೃಪ್ತರಾಗದವರು ಪೂರ್ಣ ಕಿಟ್ ಕೊಳ್ಳುತ್ತಾರೆ. ಟೆಕ್ಸಾಸಿನ ಸ್ಯಾನ್ ಆಂಟೋನಿಯೋದ ವಿಂಟೇಜ್ ಏರ್ ಕಂಪೆನಿ 1976ರಿಂದ ಇದನ್ನೇ ಮಾಡುತ್ತ ಬಂದಿದೆ. ಕೂಲಿಂಗ್ ಕಾಯಿಲ್, ಹೀಟರ್, ಬ್ಲೋವರ್ ಮೂರೂ ಸೇರಿದ ಒಂದು ಪೆಟ್ಟಿಗೆ ಡ್ಯಾಷ್‌ಬೋರ್ಡಿನ ಹಿಂದೆ ಅಡಗಿ ಕೂರುತ್ತದೆ. ತಂಪೇನೋ ಹೆಚ್ಚು. ಆದರೆ 1966ರ ಮಸ್ಟಾಂಗಿನ ಮೂಲ ಎ.ಸಿ. ಡ್ಯಾಷ್‌ಬೋರ್ಡಿನ ಕೆಳಗೆ ತೂಗುತ್ತಿದ್ದ ಪೆಟ್ಟಿಗೆ. ಆ ಕಾಲದ ಕುರುಹು ಅದು. ಅದನ್ನು ಕಿತ್ತು, ತಗಡು ಕತ್ತರಿಸಿ ಹೊಸದನ್ನು ಕೂರಿಸಿದರೆ ಸಂಗ್ರಾಹಕರ ಕಣ್ಣಿನಲ್ಲಿ ಕಾರಿನ ಬೆಲೆ ಇಳಿಯುತ್ತದೆ. ಕತ್ತರಿ ಮುಟ್ಟದೆ, ಇರುವ ತೂತುಗಳನ್ನೇ ಬಳಸಿ, ತೆಗೆದ ಭಾಗಗಳನ್ನು ಅಟ್ಟದ ಮೇಲೆ ಜೋಪಾನ ಮಾಡುವುದು ಜಾಣತನ. ಪೂರ್ಣ ಕಿಟ್ ಹಾಕಿಸುವವರು ಆಲ್ಟರ್ನೇಟರನ್ನೂ ಬದಲಿಸಬೇಕಾಗಬಹುದು. ಹೊಸ ಬ್ಲೋವರ್, ವಿದ್ಯುತ್ ಫ್ಯಾನುಗಳ ಹಸಿವನ್ನು ಅಂದಿನದು ತಣಿಸಲಾರದು. ಬಿಸಿನೀರಿನ ವಾಲ್ವ್ ಪೂರ್ತಿ ಮುಚ್ಚದಿದ್ದರೆ ಹೀಟರಿನಲ್ಲಿ ಎಂಜಿನ್ನಿನ ಕಾದ ನೀರು ಹರಿಯುತ್ತಲೇ ಇರುತ್ತದೆ. ಸಾವಿರಾರು ಡಾಲರ್ ಸುರಿದು, ಈ ಪುಟ್ಟ ವಾಲ್ವಿನಿಂದ ಸೋತವರುಂಟು.

ಅಡ್ಡದಾರಿಯೂ ಒಂದಿದೆ. ಪ್ರೊಪೇನ್ ಬೆರೆತ ಅಗ್ಗದ ಅನಿಲವನ್ನು 'ಹಳೆಯ ಕಾರಿಗೆ ನೇರವಾಗಿ ತುಂಬಬಹುದು' ಎಂದು ಮಾರುತ್ತಾರೆ. ತಂಪು ಕೊಡುವುದು ಸುಳ್ಳಲ್ಲ. ಆದರೆ ನಮ್ಮ ಅಡುಗೆ ಅನಿಲದ ಬಂಧು ಅದು. ಕಾಯಿಲ್ ಸೋರಿದರೆ ಅನಿಲ ತುಂಬುವುದು ಜನ ಕುಳಿತ ಜಾಗದಲ್ಲಿ. ಆರ್-12ರ ಕಾರುಗಳಿಗೆ ಇದನ್ನು ತುಂಬುವುದನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಪ್ಪುವುದಿಲ್ಲ. ಹಳೆಯ ಆರ್-12ನ್ನು ಗಾಳಿಗೆ ಬಿಡುವುದೂ ಅಲ್ಲಿ ಅಪರಾಧ. ಪರವಾನಗಿ ಪಡೆದವರು ಯಂತ್ರದಿಂದ ಹೀರಿ ಸಿಲಿಂಡರಿಗೆ ತುಂಬಬೇಕು. ಆರ್-134ಎ ಕೂಡ ನಿರಪರಾಧಿಯಲ್ಲ. ಓಝೋನಿಗೆ ಹಾನಿಯಿಲ್ಲವಾದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿನ ಸಾವಿರ ಪಟ್ಟಿಗೂ ಮಿಗಿಲು. ಯೂರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆ ಅದು ನಿಷಿದ್ಧ.

ಜೋಡಣೆ ಮುಗಿದ ಮೇಲೆ ಶಾಲೆಯ ಪಾಠವೊಂದು ಕಣ್ಣೆದುರು ನಡೆಯುತ್ತದೆ. ನಿರ್ವಾತ ಪಂಪು ಹಚ್ಚಿ ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಗಾಳಿ ತೆಗೆಯುತ್ತಾರೆ. ಒತ್ತಡ ಪಾದರಸದ 24 ಮಿಲಿಮೀಟರಿಗಿಂತ ಕೆಳಗಿಳಿದರೆ 25 ಡಿಗ್ರಿಯಲ್ಲೇ ನೀರು ಕುದಿಯುತ್ತದೆ! ಕೊಳವೆಯಲ್ಲಿ ಅಡಗಿದ ತೇವ ಹೀಗೆ ಆವಿಯಾಗಿ ಹೊರಹೋಗುತ್ತದೆ. ಉಳಿದರೆ ಅದು ವಾಲ್ವಿನ ಬಾಯಲ್ಲಿ ಹೆಪ್ಪುಗಟ್ಟೀತು. ಬಳಿಕ ಶೀತಕವನ್ನು ತೂಕ ಮಾಡಿಯೇ ತುಂಬಬೇಕು. ಹಳೆಯ ಭಾಗಗಳನ್ನೇ ಉಳಿಸಿಕೊಂಡಿದ್ದರೆ ಆರ್-12ರ ತೂಕದ ಶೇ. 80ರಿಂದ 90 ಭಾಗ ಸಾಕು. ಹೆಚ್ಚು ತುಂಬಿದರೆ ಹೆಚ್ಚು ತಂಪು ಎಂದು ನಂಬಿದವರ ಕಂಡೆನ್ಸರಿನಲ್ಲಿ ದ್ರವವೇ ತುಂಬಿ, ಆವಿಗೆ ಜಾಗವಿಲ್ಲದೆ ಒತ್ತಡ ಏರುತ್ತದೆ.

ಕೊನೆಗೆ ಗಾಳಿ ಬರುವ ಕಿಂಡಿಯಲ್ಲಿ ಒಂದು ಥರ್ಮಾಮೀಟರ್ ಸಿಕ್ಕಿಸಿ, ಕಾರನ್ನು ಮಧ್ಯಾಹ್ನದ ಬಿಸಿಲಿಗೆ ಒಯ್ಯುತ್ತಾರೆ. ಹೆದ್ದಾರಿಯಲ್ಲಿ ಓಡುವಾಗ ಅದು 5, 6 ಡಿಗ್ರಿ ತೋರಿಸಿದರೆ ಯಾರೂ ಹಿಗ್ಗುವುದಿಲ್ಲ. ಊರೊಳಗೆ ಬಂದು, ಕೆಂಪು ದೀಪದ ಮುಂದೆ ನಿಂತಾಗ ಮುಳ್ಳು ಎಷ್ಟು ಮೇಲೇರುತ್ತದೆ ಎಂಬುದನ್ನೇ ಎಲ್ಲರೂ ಬಗ್ಗಿ ನೋಡುತ್ತಾರೆ.