ಕಾಡಿನೊಳಗಿನ ದ್ವೀಪಗಳು

ಸಮುದ್ರದ ನಡುವೆ ಅಂಗೈಯಗಲದ ದ್ವೀಪ, ಅದರಲ್ಲೊಂದು ಹುಲ್ಲುಮಾಡಿನ ಕುಟೀರ, ಸುತ್ತ ನೀಲಿ ನೀರು, ಕಣ್ಣಳತೆಯಲ್ಲಿ ಮತ್ತೊಂದು ನರಪಿಳ್ಳೆಯಿಲ್ಲ. ರೆಸಾರ್ಟ್ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವ ಚಿತ್ರ ಇದು. ಈ ಚಿತ್ರವನ್ನು ಜಗತ್ತಿಗೆ ಮಾರಿದವರಲ್ಲಿ ಮಾಲ್ಡೀವ್ಸ್ ದೇಶದವರು ಮುಂಚೂಣಿಯವರು. ಅಲ್ಲಿನ ಮೊದಲ ರೆಸಾರ್ಟ್ ಕುರುಂಬಾ ಆರಂಭವಾದದ್ದು 1972ರಲ್ಲಿ. ಅಲ್ಲಿಂದ ಮುಂದೆ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬ ಪದ್ಧತಿ ಬೆಳೆಯಿತು. ಜನವಸತಿಯಿಲ್ಲದ ದ್ವೀಪಗಳನ್ನು ಅತಿಥಿಗಳಿಗೆಂದು ಬಿಟ್ಟುಕೊಟ್ಟರು. ಊರಿರುವ ದ್ವೀಪಗಳಲ್ಲಿ ಅತಿಥಿಗೃಹ ನಡೆಸಲು ಅಲ್ಲಿನ ಸಾಮಾನ್ಯ ಜನರಿಗೆ ಅವಕಾಶ ಸಿಕ್ಕಿದ್ದು 2009ರ ಸುಮಾರಿಗೆ. ಎಂದರೆ ಹತ್ತಿರ ಹತ್ತಿರ ನಾಲ್ಕು ದಶಕ ಕಾಲ ಪ್ರವಾಸಿಗರು ಆ ದೇಶಕ್ಕೆ ಹೋಗಿ, ಆ ದೇಶದವರ ಊರಿನಲ್ಲಿ ಒಂದು ರಾತ್ರಿಯೂ ತಂಗದೆ ಹಿಂದಿರುಗುವುದೇ ವಾಡಿಕೆಯಾಗಿತ್ತು. ದ್ವೀಪದ ಏಕಾಂತವನ್ನು ಕೊಟ್ಟದ್ದು ಸಮುದ್ರವೊಂದೇ ಅಲ್ಲ, ಸರಕಾರದ ಕಾನೂನು ಕೂಡ.

ಕಡಲಿನಿಂದ ದೂರದ ಚಾಮರಾಜನಗರ ಜಿಲ್ಲೆಗೂ ಈ ಮಾತಿಗೂ ಎತ್ತಣಿಂದೆತ್ತ ಸಂಬಂಧ ಎಂದು ಓದುಗರು ಕೇಳಬಹುದು. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾದ ಈ ಜಿಲ್ಲೆಯ ಹೆಚ್ಚು ಕಡಿಮೆ ಅರ್ಧ ಭಾಗ ಕಾಡು. ಗುಂಡ್ಲುಪೇಟೆಯ ಕಡೆ ಬಂಡೀಪುರ, ಚಾಮರಾಜನಗರ–ಯಳಂದೂರು ಕಡೆ ಬಿಳಿಗಿರಿರಂಗನ ಬೆಟ್ಟ, ಎರಡೂ ಹುಲಿ ಸಂರಕ್ಷಿತ ಪ್ರದೇಶಗಳು. ಈ ಹಸಿರು ಕಡಲಿನ ಒಳಗೂ ದಡದಲ್ಲೂ ಇಂದು ಅನೇಕ ದ್ವೀಪಗಳಿವೆ. ದೂರದ ನಗರಗಳಿಂದ ಬಂದವರು ಒಂದೆರಡು ರಾತ್ರಿಯ ಮೌನಕ್ಕಾಗಿ ದೊಡ್ಡ ಮೊತ್ತವನ್ನೇ ತೆತ್ತು ಅಲ್ಲಿ ತಂಗುತ್ತಾರೆ. ಆ ಮೌನ ತಾನಾಗಿ ಹುಟ್ಟಿದ್ದಲ್ಲ. ಅದಕ್ಕೆ ನೂರೈವತ್ತು ವರ್ಷಗಳ ಇತಿಹಾಸವಿದೆ.

ಅದಕ್ಕೂ ಹಿಂದೆ ಈ ಸೀಮೆಯಲ್ಲಿ ಪಯಣಿಗ ತಂಗುತ್ತಿದ್ದುದು ಜನರ ನಡುವೆ. ಛತ್ರದ ಜಗಲಿ, ದೇವಸ್ಥಾನದ ಪೌಳಿ, ಊರ ಮುಂದಿನ ಮಂಟಪ, ಇಲ್ಲವೇ ನೆಂಟರ ಮನೆ. ಬಿಳಿಗಿರಿರಂಗನ ಜಾತ್ರೆಗೆ ಹೋದವರು ಮರದಡಿಯಲ್ಲಿ ಮೂರು ಕಲ್ಲು ಹೂಡಿ ಅನ್ನ ಬೇಯಿಸಿಕೊಂಡು ಗುಂಪಾಗಿಯೇ ಮಲಗುತ್ತಿದ್ದರು. ಕಾಡಿನ ನಡುವೆ ಒಬ್ಬಂಟಿಯಾಗಿ ರಾತ್ರಿ ಕಳೆಯುವುದು ಸುಖ ಎಂದು ಬಯಲುಸೀಮೆಯ ಒಕ್ಕಲಿಗನಾಗಲಿ ವ್ಯಾಪಾರಿಯಾಗಲಿ ಕನಸಿನಲ್ಲೂ ಎಣಿಸಿರಲಾರ. ಕಾಡನ್ನೇ ಮನೆ ಮಾಡಿಕೊಂಡವರು ಸೋಲಿಗರು, ಕುರುಬರು. ಅವರಿಗೆ ಅದು ಏಕಾಂತವಾಗಿರಲಿಲ್ಲ, ನೆರೆಹೊರೆಯಾಗಿತ್ತು.

ಕಾಡಿನ ವಾಸವನ್ನು ಒಂದು ಸುಖವೆಂದು ಬರೆದಿಟ್ಟವರಲ್ಲಿ ಮೊದಲಿಗ ಎನ್ನಬಹುದಾದವನು ಜಿ. ಪಿ. ಸ್ಯಾಂಡರ್ಸನ್. 1864ರಲ್ಲಿ ಭಾರತಕ್ಕೆ ಬಂದ ಈ ಇಂಗ್ಲಿಷ್ ತರುಣ ಮೈಸೂರು ಸೀಮೆಯ ನಾಲೆಗಳ ಇಲಾಖೆಯ ಅಧಿಕಾರಿ. ಕೆಲಸ ನಾಲೆಯದು, ಮನಸ್ಸು ಆನೆಯದು. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ, ಚಾಮರಾಜನಗರಕ್ಕೆ ಅನತಿ ದೂರದ ಕಾಡಂಚಿನಲ್ಲಿ ಬಂಗಲೆ ಕಟ್ಟಿಸಿಕೊಂಡು ನೆಲೆಸಿದ. ಸರಕಾರದ ಒಪ್ಪಿಗೆ ಪಡೆದು 1874ರಲ್ಲಿ ಇಲ್ಲಿಯೇ ಖೆಡ್ಡಾ ನಡೆಸಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದ. 1878ರಲ್ಲಿ ಪ್ರಕಟವಾದ ಅವನ ಪುಸ್ತಕ ಇಂಗ್ಲೆಂಡಿನ ಓದುಗರಿಗೆ ಚಾಮರಾಜನಗರದ ಕಾಡನ್ನು ಪರಿಚಯ ಮಾಡಿಕೊಟ್ಟಿತು. ಮುಂಜಾವಿನ ಮಂಜು, ಡೇರೆಯ ಮುಂದಿನ ಬೆಂಕಿ, ದೂರದಲ್ಲಿ ಕೇಳುವ ಆನೆಯ ಘೀಳು ಎಂದು ಇಂದಿನ ರೆಸಾರ್ಟುಗಳ ವರ್ಣಪತ್ರಿಕೆಗಳು ಬಣ್ಣಿಸುವ ಸುಖಗಳಿಗೆಲ್ಲ ಅಂಥ ಶಿಕಾರಿ ಪುಸ್ತಕಗಳೇ ಹಿರಿಯಜ್ಜಂದಿರು. ಡೇರೆ ಹೊತ್ತವರು, ಜಾಡು ಹಿಡಿದವರು, ಆನೆಯನ್ನು ಸುತ್ತುವರಿದು ರಾತ್ರಿಯಿಡೀ ಬೆಂಕಿ ಕಾಯ್ದವರು ಸ್ಥಳೀಯರು. ಸ್ಯಾಂಡರ್ಸನ್ ಅವರ ಜಾಣ್ಮೆಯನ್ನು ಮೆಚ್ಚಿ ಬರೆದಿದ್ದಾನೆ ಎನ್ನುವುದನ್ನೂ ಹೇಳಬೇಕು. ಅವನ ನಂತರದ ಅನೇಕರು ಅಷ್ಟನ್ನೂ ಮಾಡಲಿಲ್ಲ. ಅದೇ ಶತಮಾನದ ಕೊನೆಯ ದಶಕಗಳಲ್ಲಿ ಮಾರಿಸ್ ಎಂಬ ಕುಟುಂಬ ಬೆಟ್ಟದ ಮೇಲೆ ಅತ್ತಿಕಾನೆ, ಹೊನ್ನಮೇಟಿಗಳಲ್ಲಿ ಕಾಫಿ ತೋಟ ಎಬ್ಬಿಸಿತು. ಪಕ್ಷಿತಜ್ಞ ಸಾಲಿಂ ಅಲಿ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಬಂದಾಗ ಈ ಬೆಟ್ಟಗಳಲ್ಲೂ ಓಡಾಡಿದ್ದರು.

ಮೈಸೂರು ಅರಸರಿಗೆ ಈ ಕಾಡುಗಳು ಬೇಟೆಯ ಮೀಸಲು. ಬೇಟೆಗೆ ಪ್ರಾಣಿ ಬೇಕು, ಪ್ರಾಣಿಗೆ ನೆಮ್ಮದಿ ಬೇಕು, ಆದ್ದರಿಂದ ಉಳಿದವರ ಕೋವಿ, ಕೊಡಲಿ, ದನಕರುಗಳು ಹೊರಗಿರಬೇಕು ಎಂಬುದು ಅದರ ತರ್ಕ. 1931ರಲ್ಲಿ ಬಂಡೀಪುರದ ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ಅಭಯಾರಣ್ಯ ಮಾಡಲಾಯಿತು. 1941ರಲ್ಲಿ ಅದನ್ನು ಸುಮಾರು 800 ಚದರ ಕಿಲೋಮೀಟರಿಗೆ ಹಿಗ್ಗಿಸಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಎಂದು ಹೆಸರಿಟ್ಟರು. ಹೆಸರು ಬಂದದ್ದು ಗುಂಡ್ಲುಪೇಟೆ ತಾಲ್ಲೂಕಿನ ಗೋಪಾಲಸ್ವಾಮಿ ಬೆಟ್ಟದ ದೇವರಿಂದ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದಲ್ಲಿ ಮೊದಲು ಆಯ್ಕೆಯಾದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಬೇಟೆಯ ಮೀಸಲು ಹೀಗೆ ಹುಲಿಯ ಮೀಸಲಾಯಿತು. ಆ ಮುಂದಾಲೋಚನೆ ಇಲ್ಲದಿದ್ದರೆ ಇಂದು ಇಲ್ಲಿ ಹುಲಿ ಉಳಿಯುತ್ತಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ಅದರ ಲೆಕ್ಕ ಕಟ್ಟಿದವರು ಯಾರು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಇದೆ.

ಕಾಡಿನ ವಾಸವನ್ನು ವ್ಯವಸ್ಥಿತ ಉದ್ಯಮವಾಗಿ ಮಾಡಿದ್ದು ಸರಕಾರವೇ. ನೇಪಾಳದ ಟೈಗರ್ ಟಾಪ್ಸ್ ಮಾದರಿಯನ್ನು ಅನುಸರಿಸಿ 1980ರಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆ ಸ್ಥಾಪನೆಯಾಯಿತು. ಅದರ ಮೊದಲ ತಾಣ ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರ. ಮಹಾರಾಜರ ಬೇಟೆಮನೆಯೇ ಅತಿಥಿಗೃಹವಾಯಿತು. ಅತಿಥಿಗಳು ಸರೋವರ ಎಂದು ಮೆಚ್ಚುವ ನೀರು ಹಳ್ಳಿಗಳನ್ನು ಎಬ್ಬಿಸಿ ಕಟ್ಟಿದ ಕಬಿನಿ ಅಣೆಕಟ್ಟೆಯ ಹಿನ್ನೀರು. ನಮ್ಮ ಜಿಲ್ಲೆಯಲ್ಲಿ ಬಂಡೀಪುರದ ಜತೆಗೆ ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿಯಲ್ಲೂ ಸಂಸ್ಥೆಯ ಶಿಬಿರ ಬಂತು. ಡೇರೆ, ಮರದ ಮನೆ, ಸಂಜೆಗೆ ಬೆಂಕಿಯ ಸುತ್ತ ಮಾತುಕತೆ.

ಕೆ. ಗುಡಿ ಎಂಬ ಹೆಸರನ್ನು ಸ್ವಲ್ಪ ಬಿಡಿಸಿ ನೋಡೋಣ. ಕೆ ಎಂದರೆ ಕ್ಯಾತೇದೇವರು. ಕ್ಯಾತೇದೇವರ ಗುಡಿ ಎಂಬುದು ನಾಲಿಗೆಗೆ ಉದ್ದವಾಯಿತೆಂದು ದೇವರನ್ನು ಒಂದಕ್ಷರಕ್ಕೆ ಇಳಿಸಿದ್ದಾರೆ. ಕ್ಯಾತೇದೇವರು ಸೋಲಿಗರ ದೈವ. ಶಿಬಿರದ ಸಮೀಪದಲ್ಲಿಯೇ ಸೋಲಿಗರ ಪೋಡು ಇದೆ. ಪೋಡು ಎಂದರೆ ಅವರ ಹಟ್ಟಿ. ನಿರ್ಜನ ಕಾಡು ಎಂದು ಪ್ರವಾಸಿ ಬಗೆಯುವ ಈ ಜಾಗ ಸೋಲಿಗರ ಕಣ್ಣಿಗೆ ಮನೆಯಂಗಳದಷ್ಟು ಕಿಕ್ಕಿರಿದದ್ದು. ಪ್ರತಿ ಕುಲಕ್ಕೂ ತನ್ನದೇ ಎಲ್ಲೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರರು, ಹಿರಿಯರ ನೆನಪಿನ ಕಲ್ಲುಗುಡ್ಡೆ, ನೀರಿನ ಅಬ್ಬಿ. ಏಟ್ರೀ ಎಂಬ ಸಂಶೋಧನಾ ಸಂಸ್ಥೆಯವರು ಸೋಲಿಗರ ಜೊತೆ ಕಾಡು ಸುತ್ತಿ ನಕ್ಷೆ ಬರೆದಾಗ ಇಂಥ ಪವಿತ್ರ ತಾಣಗಳು ಐನೂರರ ಹತ್ತಿರ ಸಿಕ್ಕವು. ಭಾರ್ಗವಿ ಹೊಳೆಯ ದಂಡೆಯ ದೊಡ್ಡ ಸಂಪಿಗೆ ಮರ ಅವುಗಳಲ್ಲಿ ಹೆಸರಾದದ್ದು. ಬೆಟ್ಟದ ಒಡೆಯ ರಂಗಪ್ಪ ಕೂಡ ಅವರಿಗೆ ದೂರದವನಲ್ಲ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ಒಲಿದು ಮದುವೆಯಾದವನಾದ್ದರಿಂದ ಅವನು ಭಾವ. ಭಾವನೆಂದ ಮೇಲೆ ಸಲುಗೆ, ಹಾಸ್ಯ, ಬೈಗುಳ ಎಲ್ಲಕ್ಕೂ ಅಧಿಕಾರವುಂಟು.

1974ರಲ್ಲಿ ಈ ಬೆಟ್ಟಸಾಲು ಅಭಯಾರಣ್ಯವಾಯಿತು. ಕಾಡಿನೊಳಗೆ ಜಾಗ ಬದಲಿಸುತ್ತ ರಾಗಿ, ಜೋಳ ಬೆಳೆದುಕೊಳ್ಳುತ್ತಿದ್ದ ಸೋಲಿಗರ ಬೇಸಾಯ ನಿಂತಿತು. ಚದುರಿದ್ದ ಪೋಡುಗಳನ್ನು ರಸ್ತೆಯ ಬದಿಗೆ, ಕಾಡಂಚಿಗೆ ತಂದು ಒಂದೆಡೆ ಕೂರಿಸಿದರು. ಬೇಸಿಗೆಯ ಮೊದಲಲ್ಲಿ ಒಣಗಿದ ಎಲೆಗೆ ಹಚ್ಚುತ್ತಿದ್ದ ತರಗು ಬೆಂಕಿಯೂ ನಿಷಿದ್ಧವಾಯಿತು. ಆ ಬೆಂಕಿ ನೆಲದ ಮಟ್ಟದಲ್ಲೇ ಹರಿದು ಹೋಗುತ್ತಿತ್ತು, ಹುಲ್ಲು ಚಿಗುರುತ್ತಿತ್ತು, ಲಂಟಾನ ತಲೆಯೆತ್ತುತ್ತಿರಲಿಲ್ಲ ಎಂಬುದು ಸೋಲಿಗ ಹಿರಿಯರ ವಾದ. ಈಗ ಲಂಟಾನದ ಪೊದೆ ಆಳೆತ್ತರ ಬೆಳೆದು ಕಾಡಿನ ಬಹುಭಾಗವನ್ನು ಮುಚ್ಚಿದೆ. ಈ ವಾದವನ್ನು ಗಂಭೀರವಾಗಿ ತೆಗೆದುಕೊಂಡ ವಿಜ್ಞಾನಿಗಳೂ ಇದ್ದಾರೆ, ಪೂರ್ತಿ ಒಪ್ಪದವರೂ ಇದ್ದಾರೆ.

ಬೇಸಾಯ ಹೋದ ಮೇಲೆ ಉಳಿದದ್ದು ಜೇನು, ನೆಲ್ಲಿಕಾಯಿ, ಕಲ್ಲುಹೂವು, ಸೀಗೆ, ಅಂಟುವಾಳ. ವನ್ಯಜೀವಿ ಕಾಯಿದೆಯ 2002ರ ತಿದ್ದುಪಡಿಯ ನಂತರ ಅವನ್ನು ಆಯ್ದು ಮಾರುವುದಕ್ಕೂ ತಡೆ ಬಿತ್ತು. ಒಂದೇ ಕಾಡಿನಲ್ಲಿ ಜೀಪಿಗೆ ದಾರಿ ಉಂಟು, ಜೇನಿಗೆ ದಾರಿಯಿಲ್ಲ ಎಂಬ ಸ್ಥಿತಿ. 2006ರ ಅರಣ್ಯ ಹಕ್ಕು ಕಾಯಿದೆ ಈ ಗಂಟನ್ನು ಸ್ವಲ್ಪ ಸಡಿಲಿಸಿತು. 2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇಪ್ಪತ್ತೈದು ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿಗೆಂದು ಕಾದಿಟ್ಟ ಕಾಡಿನಲ್ಲಿ ಇಂಥ ಹಕ್ಕು ದೇಶದಲ್ಲೇ ಮೊದಲು ಸಿಕ್ಕಿದ್ದು ಸೋಲಿಗರಿಗೆ. 1981ರಲ್ಲಿ ಇಲ್ಲಿ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಸುದರ್ಶನ್ ಅವರ ಶಾಲೆ, ಆಸ್ಪತ್ರೆಗಳೂ, ಸೋಲಿಗರ ಸ್ವಂತ ಸಂಘವೂ ಇದರ ಹಿಂದಿನ ಹಾದಿಯನ್ನು ಹದಗೊಳಿಸಿದ್ದವು.

ನಡುವೆ ಒಂದು ಕಾಲವಿತ್ತು, ಈ ಕಾಡಿನ ಏಕಾಂತವನ್ನು ಪುಕ್ಕಟೆ ಕೊಟ್ಟರೂ ಕೊಳ್ಳಲು ಜನ ಹೆದರುತ್ತಿದ್ದರು. 1997ರ ಅಕ್ಟೋಬರಿನಲ್ಲಿ ವೀರಪ್ಪನ್ ಬಂಡೀಪುರದಿಂದಲೇ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ–ಸೇನಾನಿ ಅವರನ್ನು ಅಪಹರಿಸಿದ. 2000ದ ಜುಲೈನಲ್ಲಿ ಜಿಲ್ಲೆಯ ಗಡಿಯಾಚೆ ಗಾಜನೂರಿನಿಂದ ಡಾ. ರಾಜಕುಮಾರ್ ಅವರನ್ನು ಒಯ್ದ; 108 ದಿನ ನಾಡೇ ಉಸಿರು ಬಿಗಿಹಿಡಿದಿತ್ತು. 2004ರಲ್ಲಿ ಅವನು ಹತನಾದ ಮೇಲೆ ಭಯ ಕರಗಿತು. ಬೆಂಗಳೂರಿನಲ್ಲಿ ಹಣ ಹೆಚ್ಚಿತು. ಬಂಡೀಪುರದ ಅಂಚಿನ ಮಂಗಲ, ಮೇಲುಕಾಮನಹಳ್ಳಿ ಕಡೆಯ ಹೊಲಗಳಿಗೆ ಬೆಲೆ ಬಂತು, ಖಾಸಗಿ ರೆಸಾರ್ಟುಗಳು ಎದ್ದವು.

ಈ ಹೊಲಗಳ ಬಗ್ಗೆ ಒಂದು ಮಾತು. ಗುಂಡ್ಲುಪೇಟೆ ಸೀಮೆಯ ಕಾಡಂಚಿನ ರೈತ ರಾಗಿ, ಜೋಳ ತೆನೆಗಟ್ಟುವ ಕಾಲದಲ್ಲಿ ಹೊಲದ ನಡುವೆಯೋ ಮರದ ಮೇಲೋ ಅಟ್ಟಣೆ ಕಟ್ಟಿಕೊಂಡು ರಾತ್ರಿ ಕಾಯುತ್ತಾನೆ. ತಗಡಿನ ಡಬ್ಬ, ಪಟಾಕಿ, ಒಂದು ಟಾರ್ಚು, ಒಂದು ಕಂಬಳಿ. ಆನೆ ಬಂದರೆ ಕೂಗು, ಬಾರದಿದ್ದರೆ ಅರೆನಿದ್ದೆ. ಅವನ ಹೊಲದಿಂದ ಕೂಗಳತೆ ದೂರದ ರೆಸಾರ್ಟಿನಲ್ಲಿಯೂ ಮರದ ಮೇಲೊಂದು ಅಟ್ಟಣೆ ಇರಬಹುದು. ಅದಕ್ಕೆ ಟ್ರೀ ಹೌಸ್ ಎಂದು ಹೆಸರು, ಬಿಸಿನೀರಿನ ಸ್ನಾನದ ಮನೆಯೂ ಉಂಟು. ಅಲ್ಲಿನವರು ಆನೆ ಬರಲಿ ಎಂದು ಹಾರೈಸುತ್ತಾರೆ, ಇಲ್ಲಿನವನು ಬಾರದಿರಲಿ ಎಂದು ಗೋಪಾಲಸ್ವಾಮಿಗೆ ಹರಸಿಕೊಳ್ಳುತ್ತಾನೆ. ಎರಡೂ ಕಡೆ ಕಾಯುವುದು ಒಂದೇ ಆನೆಯನ್ನು.

ಕಾನೂನು ತಡವಾಗಿಯಾದರೂ ಈ ದ್ವೀಪಗಳ ಕಡೆ ತಿರುಗಿದೆ. 2012ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹುಲಿ ಕಾಡುಗಳ ಒಡಲಿನಲ್ಲಿ ಪ್ರವಾಸೋದ್ಯಮವನ್ನೇ ತಡೆಯಿತು. ಅಕ್ಟೋಬರಿನಲ್ಲಿ ಆ ತಡೆ ತೆರವಾದಾಗ ಜತೆಗೆ ನಿಯಮಾವಳಿಯೂ ಬಂತು. ಕಾಡಿನ ಒಡಲಿನಲ್ಲಿರುವ ಕಾಯಂ ವಸತಿಗಳನ್ನು ಹಂತ ಹಂತವಾಗಿ ಹೊರಕ್ಕೆ ಸಾಗಿಸಬೇಕು ಎಂಬುದು ಅದರಲ್ಲಿ ಸೇರಿತ್ತು. ಅದೇ ವರ್ಷ ಬಂಡೀಪುರದ ಸುತ್ತಲಿನ ಹಳ್ಳಿಗಳು ಪರಿಸರ ಸೂಕ್ಷ್ಮ ವಲಯಕ್ಕೆ ಸೇರಿ, ಹೊಸ ಕಟ್ಟಡಗಳಿಗೆ ಕಡಿವಾಣ ಬಿತ್ತು. ಮೋಯಾರ್ ಹೊಳೆಯ ಆಚೆ, ನೀಲಗಿರಿಯ ಸೀಗೂರು ಬಯಲಿನಲ್ಲಿ ಆನೆದಾರಿಗೆ ಅಡ್ಡವಾಗಿದ್ದ ರೆಸಾರ್ಟುಗಳನ್ನು ತೆರವು ಮಾಡಬೇಕೆಂಬ ತೀರ್ಪನ್ನು ಸುಪ್ರೀಂ ಕೋರ್ಟು 2020ರಲ್ಲಿ ಎತ್ತಿಹಿಡಿಯಿತು. 2025ರ ನವೆಂಬರಿನಲ್ಲಿ ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನೇ ಸರಕಾರ ನಿಲ್ಲಿಸಿತು. ಸಫಾರಿಯ ಜೀಪುಗಳೇ ಹುಲಿಯನ್ನು ಹೊರಗಟ್ಟುತ್ತಿವೆಯೆಂಬ ರೈತರ ದೂರು ಎಷ್ಟರ ಮಟ್ಟಿಗೆ ನಿಜವೆಂದು ತಜ್ಞರು ತೂಗಬೇಕು. ಆದರೆ ಜೀಪಿನಲ್ಲಿ ಕುಳಿತವರಿಗೂ ಹೊಲದಲ್ಲಿ ನಿಂತವರಿಗೂ ಒಂದೇ ಕಾಡು ಒಂದೇ ಬಗೆಯಾಗಿ ಕಾಣುವುದಿಲ್ಲವೆಂಬುದಕ್ಕೆ ತಜ್ಞರು ಬೇಕಿಲ್ಲ.

ಅತಿಥಿಗಳು ಬಂಡೀಪುರದ ರಾತ್ರಿಯ ನಿಶ್ಶಬ್ದವನ್ನು ಬಾಯಿತುಂಬ ಹೊಗಳುತ್ತಾರೆ. ಅದು ಕೂಡ 2009ರಲ್ಲಿ ಬಂದ ಒಂದು ಆದೇಶದ ಫಲ. ರಾತ್ರಿ ಒಂಬತ್ತಾದೊಡನೆ ಊಟಿ ರಸ್ತೆಯ ಮೇಲುಕಾಮನಹಳ್ಳಿಯಲ್ಲೂ ಸುಲ್ತಾನ್ ಬತ್ತೇರಿ ರಸ್ತೆಯ ಮದ್ದೂರಿನಲ್ಲೂ ಗೇಟು ಬೀಳುತ್ತದೆ. ಆಂಬುಲೆನ್ಸು ಮತ್ತು ಬೆರಳೆಣಿಕೆಯ ಬಸ್ಸುಗಳನ್ನು ಬಿಟ್ಟು ಉಳಿದ ವಾಹನಗಳಿಗೆ ಬೆಳಿಗ್ಗೆ ಆರರವರೆಗೆ ದಾರಿಯಿಲ್ಲ. ಅದಕ್ಕೂ ಮೊದಲು ಈ ಹೆದ್ದಾರಿಗಳಲ್ಲಿ ರಾತ್ರಿಯಿಡೀ ಲಾರಿಗಳು ಓಡುತ್ತಿದ್ದವು, ಜಿಂಕೆ, ಚಿರತೆ, ಆನೆಮರಿಗಳು ಗಾಲಿಗೆ ಸಿಕ್ಕಿ ಸಾಯುತ್ತಿದ್ದವು. ಕೇರಳದವರು ಈ ಗೇಟನ್ನು ತೆಗೆಸಲು ವರ್ಷಗಟ್ಟಲೆ ಹೋರಾಡಿದ್ದಾರೆ. ಗೇಟಿನ ಈಚೆಗೆ ತರಕಾರಿ ಹೇರಿದ ಲಾರಿಗಳ ಚಾಲಕರು ಸ್ಟೌ ಹಚ್ಚಿ ಅಡುಗೆ ಮಾಡಿಕೊಂಡು, ಲಾರಿಯ ಅಡಿಯಲ್ಲೇ ಚಾಪೆ ಹಾಸಿ ಬೆಳಗಾಗುವುದನ್ನು ಕಾಯುತ್ತಾರೆ.