ಒಂದು ಕೆಜಿ ‘ಅವರ ಕಾಲು’ ಮತ್ತು ನನ್ನ ಇಂಗ್ಲಿಷ್

‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’.

ಪ್ರಶ್ನೆ ಇಷ್ಟೇ. ಕಾಲೇಜಿನಲ್ಲಿ ನಡೆದ ಅಣಕು ಸಂದರ್ಶನ ಅದು. ಉತ್ತರವನ್ನು ಹಿಂದಿನ ರಾತ್ರಿಯೇ ಬಾಯಿಪಾಠ ಮಾಡಿಕೊಂಡಿದ್ದೆ. ಮೂರನೇ ವಾಕ್ಯಕ್ಕೆ ಬರುವಷ್ಟರಲ್ಲಿ ‘ಡಿಡ್’ ಆದಮೇಲೆ ‘ವೆಂಟ್’ ಬರಬೇಕೋ ‘ಗೋ’ ಬರಬೇಕೋ ಎಂಬ ಅನುಮಾನ ಹುಟ್ಟಿತು. ‘ಡಿಡ್ ವೆಂಟ್’ ಅಂದೇಬಿಟ್ಟೆ. ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕನೆ ನಕ್ಕರು. ಅಷ್ಟೇ, ಗಂಟಲು ಕಟ್ಟಿತು. ‘ಸಾರಿ ಸರ್’ ಎಂದು ಎದ್ದು ಬಂದೆ. ಮುಂದಿನ ವರ್ಷ ಕ್ಯಾಂಪಸ್‌ಗೆ ಕಂಪನಿಗಳು ಬರುತ್ತವೆ. ಆ ದಿನವೂ ಹೀಗೇ ಆದರೆ?

ನಮ್ಮೂರು ಹೆಗ್ಗಡದೇವನಕೋಟೆ ತಾಲ್ಲೂಕು. ಸೆಮಿಸ್ಟರ್ ರಜೆಗೆ ಊರಿಗೆ ಬಂದವರು ಪಕ್ಕದ ಹುಣಸೂರು ತಾಲ್ಲೂಕಿನ ಗುರುಪುರದ ಬಳಿ ಇರುವ ಚಿಕ್ಕಮ್ಮನ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರುವುದು ನಮ್ಮ ಮನೆಯ ರೂಢಿ. ಈ ಸಲ ಹೋದಾಗ ತಲೆಯಲ್ಲಿ ಆ ನಗುವೇ ಕೊರೆಯುತ್ತಿತ್ತು.

ಚಿಕ್ಕಮ್ಮ ಓದಿರುವುದು ಏಳನೇ ತರಗತಿ. ಗುರುಪುರದ ಟಿಬೆಟನ್ ಕ್ಯಾಂಪಿನಲ್ಲಿ ಒಂದು ಚಿಕ್ಕ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾರೆ. ಅವರ ಜೊತೆ ಹೋಗಿ ಕುಳಿತ ಮೊದಲ ದಿನವೇ ನಾನು ಬೆರಗಾದೆ. ಚಿಕ್ಕಮ್ಮ ಟಿಬೆಟನ್ ಭಾಷೆಯಲ್ಲಿ ಮಾತನಾಡುತ್ತಿದ್ದರು! ನಡುನಡುವೆ ತಪ್ಪುತ್ತಿದ್ದರು ಎಂಬುದು ಎದುರಿನವರ ನಗುವಿನಿಂದಲೇ ಗೊತ್ತಾಗುತ್ತಿತ್ತು. ಆದರೆ ಒಂದು ಚೂರೂ ಅಳುಕಿರಲಿಲ್ಲ.

ಕರ್ನಾಟಕದ ಐದು ಟಿಬೆಟನ್ ವಸತಿ ಪ್ರದೇಶಗಳ ಪೈಕಿ ಮೂರು ನಮ್ಮ ಮೈಸೂರು ಜಿಲ್ಲೆಯಲ್ಲೇ ಇವೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಎರಡು, ಗುರುಪುರದಲ್ಲಿ ಒಂದು. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ನಂತರ, 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯ ಮೊದಲ ಕ್ಯಾಂಪ್ ಶುರುವಾಯಿತು. ಗುರುಪುರದ ರಬ್ಗೆಲಿಂಗ್ ಕ್ಯಾಂಪ್ ಆರಂಭವಾದದ್ದು 1972ರಲ್ಲಿ. ಹಿಮದ ನಾಡಿನಿಂದ ಬಂದವರು ಮುಸುಕಿನ ಜೋಳ ಬೆಳೆಯಬೇಕಿತ್ತು, ಸಂತೆಗೆ ಹೋಗಬೇಕಿತ್ತು, ಬಸ್ಸಿನಲ್ಲಿ ಟಿಕೆಟ್ ಕೇಳಬೇಕಿತ್ತು. ದೊಡ್ಡವರಿಗೆ ಕನ್ನಡ ಕಲಿಸಲು ಹೊಲ, ಸಂತೆ, ಬಸ್ಸುಗಳೇ ಶಾಲೆ. ಅವರ ಹೊಲಕ್ಕೆ, ಮನೆಗೆ, ಅಂಗಡಿಗೆ ಕೆಲಸಕ್ಕೆ ಹೋದ ನಮ್ಮವರಲ್ಲೂ ಎಷ್ಟೋ ಜನ ಅವರ ಮಾತನ್ನು ಹೀಗೇ ಕಲಿತರು.

ಹೋಟೆಲಿನ ಒಡತಿಯನ್ನು ಎಲ್ಲರೂ ‘ಅಮಲಾ’ ಎನ್ನುತ್ತಾರೆ. ‘ಅಮ’ ಎಂದರೆ ತಾಯಿ, ‘ಲಾ’ ಗೌರವಕ್ಕೆ. ನಮ್ಮ ‘ಅಮ್ಮಾವ್ರೇ’ ಇದ್ದಂತೆ. ಮದುವೆಯಾಗಿ ಹಿಮಾಚಲದ ಕಡೆಯಿಂದ ಇಲ್ಲಿಗೆ ಬಂದ ಅವರಿಗೆ ‘ಎಷ್ಟು’, ‘ಬೇಡ’ ಬಿಟ್ಟರೆ ಕನ್ನಡ ಬರುತ್ತಿರಲಿಲ್ಲ. ಚಿಕ್ಕಮ್ಮನಿಗೆ ಟಿಬೆಟನ್‌ನ ಗಂಧಗಾಳಿ ಇರಲಿಲ್ಲ. ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡರು: ದಿನಕ್ಕೆ ಒಂದು ಪದ ನೀನು ಕೊಡು, ಒಂದು ನಾನು ಕೊಡುತ್ತೇನೆ. ಮಾರನೇ ದಿನ ಮರೆತವರು ಸಂಜೆಯ ಪಾತ್ರೆ ತೊಳೆಯಬೇಕು.

ಟಿಬೆಟನ್ ಭಾಷೆಯಲ್ಲಿ ‘ಳ’ ಇಲ್ಲ. ಒಮ್ಮೆ ಅಮಲಾ ಹುಣಸೂರಿನ ಅಂಗಡಿಯಲ್ಲಿ ಗತ್ತಿನಿಂದ ‘ಒಂದು ಕೆಜಿ ಅವರೆ ಕಾಲು ಕೊಡಿ’ ಅಂದರಂತೆ. ಅಂಗಡಿಯವನು, ‘ಯಾರ ಕಾಲಮ್ಮಾ? ಅವ್ರ ಕಾಲು ಕೆಜಿ ಲೆಕ್ಕದಲ್ಲಿ ಸಿಗಲ್ಲ’ ಅಂದನಂತೆ. ಈ ಕತೆಯನ್ನು ನನಗೆ ಹೇಳಿದವರು ಬೇರೆ ಯಾರೂ ಅಲ್ಲ, ಸ್ವತಃ ಅಮಲಾ. ಹೇಳುವಾಗ ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂದಿತ್ತು.

ಚಿಕ್ಕಮ್ಮನ ಕತೆ ಇನ್ನೂ ಚೆನ್ನಾಗಿದೆ. ಶಾಲೆಯಲ್ಲಿ ‘ಕ ಖ ಗ ಘ ಙ’ ಎಂದು ಉರು ಹೊಡೆದು, ಆಮೇಲೆ ಜನ್ಮದಲ್ಲಿ ಬಳಸದ ‘ಙ’ ನಿಮಗೆ ನೆನಪಿರಬಹುದು. ಟಿಬೆಟನ್ ವರ್ಣಮಾಲೆಯೂ ‘ಕ ಖ ಗ ಙ’ ಎಂದೇ ಆರಂಭ. ಅದರಲ್ಲಿ 30 ಅಕ್ಷರಗಳಿವೆ. ಭಾರತದ ಲಿಪಿಯನ್ನು ಆಧರಿಸಿ ಏಳನೇ ಶತಮಾನದಲ್ಲಿ ಥೊನ್ಮಿ ಸಂಭೋಟ ಅದನ್ನು ರೂಪಿಸಿದರು ಎಂದು ಟಿಬೆಟನ್ನರು ನಂಬುತ್ತಾರೆ. ನಾವು ಮೂಲೆಗೆ ತಳ್ಳಿದ ‘ಙ’ ಅಲ್ಲಿ ದಿನವಿಡೀ ಬೇಕು. ದನಿ ತಗ್ಗಿಸಿ ‘ಙ’ ಎಂದರೆ ನಾನು. ದನಿ ಏರಿಸಿದರೆ ಐದು! ಚಿಕ್ಕಮ್ಮ ಬೆಳಿಗ್ಗೆ ಬಾಗಿಲಲ್ಲಿ ನಿಂತು ‘ನಾನು ಬಂದೆ’ ಎನ್ನಲು ಹೋಗಿ ‘ಐದು ಬಂದೆ’ ಎನ್ನುತ್ತಿದ್ದರಂತೆ. ಅಮಲಾ ಅವರ ಬೆನ್ನ ಹಿಂದೆ ಇಣುಕಿ, ‘ಇನ್ನು ನಾಲ್ಕು ಜನ ಎಲ್ಲಿ?’ ಎನ್ನುತ್ತಿದ್ದರಂತೆ.

ಕೂತು ಕೇಳುತ್ತಾ ನನಗೂ ಆಸೆಯಾಯಿತು. ಒಂದು ವಿಷಯ ಧೈರ್ಯ ಕೊಟ್ಟಿತು. ಟಿಬೆಟನ್‌ನಲ್ಲೂ ಕನ್ನಡದಂತೆ ಕ್ರಿಯಾಪದ ಕೊನೆಗೆ ಬರುತ್ತದೆ. ‘ನಾನು ಮೊಮೊ ತಿನ್ನುತ್ತೇನೆ’ ಎನ್ನಲು ‘ಙ ಮೊಮೊ ಸಾಗಿ ಯಿನ್’. ಪದ ತೆಗೆದು ಪದ ಇಟ್ಟರೆ ಸಾಕು, ಇಂಗ್ಲಿಷಿನಂತೆ ವಾಕ್ಯವನ್ನು ತಿರುವಿ ಹಾಕಬೇಕಿಲ್ಲ. ‘ಥುಕ್ಜೆ ಛೆ’ ಎಂದರೆ ಧನ್ಯವಾದ. ಹೊರಡುವವರು ಉಳಿಯುವವರಿಗೆ ‘ಕಲೆ ಶೂ’ ಎನ್ನಬೇಕು, ನಿಧಾನವಾಗಿ ಇರಿ ಎಂದು. ಉಳಿಯುವವರು ಹೊರಡುವವರಿಗೆ ‘ಕಲೆ ಫೇ’, ನಿಧಾನವಾಗಿ ಹೋಗಿ ಎಂದು. ನಮ್ಮ ‘ಹೋಗಿ ಬರ್ತೀನಿ’, ‘ಹೋಗಿ ಬನ್ನಿ’ ಥರವೇ.

ಎರಡನೇ ದಿನ ಸಂಜೆ ಹೊರಡುವಾಗ ಹೋಟೆಲಿನ ತುಂಬ ಜನ. ನಾನು ಎದೆಯುಬ್ಬಿಸಿ ‘ಕಲೆ ಫೇ’ ಅಂದೆ. ಒಂದು ಕ್ಷಣ ಮೌನ. ಮರುಕ್ಷಣ ಇಡೀ ಹೋಟೆಲು ನಗೆಗಡಲು. ಹೊರಡುತ್ತಿದ್ದವರು ನಾನು, ‘ಹೋಗಿ ಬನ್ನಿ’ ಎಂದು ಮನೆಯವರಿಗೇ ಹೇಳಿದ್ದೆ! ಅಮಲಾ ಏಪ್ರನ್ ಬಿಚ್ಚಿ ನನ್ನ ಕೈಗಿಟ್ಟು, ‘ಸರಿ, ನಾವು ಹೋಗ್ತೀವಿ. ನೀನು ಇಲ್ಲೇ ಇದ್ದು ಪಾತ್ರೆ ತೊಳಿ’ ಅಂದರು.

ಅಣಕು ಸಂದರ್ಶನದ ದಿನದಂತೆ ಗಂಟಲು ಕಟ್ಟುತ್ತದೆ ಅಂದುಕೊಂಡೆ. ಕಟ್ಟಲಿಲ್ಲ. ನನಗೂ ನಗು ಬಂತು. ಆ ನಗುವಿನ ನಡುವೆಯೇ ‘ಕಲೆ ಶೂ, ಕಲೆ ಶೂ’ ಎಂದು ತಿದ್ದಿಕೊಂಡೆ. ಆ ಪದಗಳನ್ನು ನಾನು ಇನ್ನು ಸಾಯುವವರೆಗೂ ಮರೆಯುವುದಿಲ್ಲ.

ದಾರಿಯಲ್ಲಿ ಚಿಕ್ಕಮ್ಮನಿಗೆ ಕಾಲೇಜಿನ ಕತೆ ಹೇಳಿದೆ. ಅವರು ಹೇಳಿದ್ದು ಇಷ್ಟೇ: ‘ನಗ್ಲಿ ಬುಡು ಮಗಾ. ಅವ್ರು ನಗೋ ಹೊತ್ಗೆ ನೀನ್ ಇನ್ನೊಂದ್ ಮಾತು ಆಡು. ನಾನು ಬಾಯ್ ಮುಚ್ಕೊಂಡ್ ಇದ್ದಿದ್ರೆ ಇವತ್ಗೂ ಕೈಸನ್ನೆ ಮಾಡ್ಕೊಂಡೇ ಇರ್ಬೇಕಿತ್ತು’.

ಅಮೆರಿಕದ ಭಾಷಾ ವಿಜ್ಞಾನಿ ಸ್ಟೀಫನ್ ಕ್ರಾಷೆನ್ 1980ರ ದಶಕದಲ್ಲಿ ಇದನ್ನೇ ಒಂದು ಸಿದ್ಧಾಂತವಾಗಿ ಮಂಡಿಸಿದ್ದರು ಎಂದು ಆಮೇಲೆ ಓದಿ ತಿಳಿದೆ. ಆತಂಕ, ನಾಚಿಕೆ ಹೆಚ್ಚಾದಾಗ ಮನಸ್ಸಿನಲ್ಲಿ ಒಂದು ಜರಡಿ ಅಡ್ಡ ಬರುತ್ತದೆ. ಕಿವಿಗೆ ಬಿದ್ದ ಭಾಷೆ ಒಳಗೆ ಇಳಿಯುವುದಿಲ್ಲ. ಮನಸ್ಸು ಹಗುರವಾಗಿದ್ದರೆ ಇಳಿಯುತ್ತದೆ ಎಂಬುದು ಅವರ ವಾದ. ಚಿಕ್ಕಮ್ಮನಿಗೆ ಕ್ರಾಷೆನ್ ಯಾರೆಂದು ಗೊತ್ತಿಲ್ಲ. ಕೋಟೆ ಕಡೆಯ ಕಾರಾಪುರದಲ್ಲಿ ಸಫಾರಿ ಜೀಪು ಓಡಿಸುವ ನಮ್ಮ ಮಾವನಿಗೂ ಗೊತ್ತಿಲ್ಲ. ಅವರೂ ಕಬಿನಿಗೆ ಬರುವ ವಿದೇಶಿಯರ ಜೊತೆ ಇಂಗ್ಲಿಷ್ ಕಲಿತದ್ದು ಹೀಗೇ. ಆನೆ ಕಂಡಾಗ ವ್ಯಾಕರಣ ನೋಡಿಕೊಂಡು ಕೂತರೆ ಆನೆ ಕಾಡು ಸೇರಿರುತ್ತದೆ.

ನಮ್ಮಲ್ಲಿ ಈಗ ಜರ್ಮನ್, ಜಪಾನಿ ಕಲಿಯುವವರು ಹೆಚ್ಚುತ್ತಿದ್ದಾರೆ. ನನ್ನ ರೂಮ್‌ಮೇಟ್ ಜಪಾನಿ ಭಾಷೆಯ ಜೆಎಲ್‌ಪಿಟಿ ಪರೀಕ್ಷೆಗೆ ಓದುತ್ತಿದ್ದಾನೆ. ಸುಲಭದ ಎನ್5ರಿಂದ ಕಠಿಣವಾದ ಎನ್1ರವರೆಗೆ ಅದರಲ್ಲಿ ಐದು ಹಂತಗಳಿವೆ. ಆದರೆ ಯಾವ ಹಂತದಲ್ಲೂ ಮಾತನಾಡುವ ಪರೀಕ್ಷೆ ಇಲ್ಲ. ಸರ್ಟಿಫಿಕೇಟ್ ಬೇಕೇ ಬೇಕು, ನಿಜ. ಆದರೆ ಬಾಯಿ ತೆರೆಯುವ ಧೈರ್ಯವನ್ನು ನಾವೇ ಬೇರೆ ಕಡೆ ಸಂಪಾದಿಸಿಕೊಳ್ಳಬೇಕು.

ರಜೆ ಮುಗಿಸಿ ಬಂದ ಮೇಲೆ ನಾವಿಬ್ಬರೂ ಅಮಲಾ ಅವರ ಒಪ್ಪಂದವನ್ನು ಹಾಸ್ಟೆಲಿಗೆ ತಂದಿದ್ದೇವೆ. ರಾತ್ರಿ ಊಟದ ಹೊತ್ತಿಗೆ ಹತ್ತು ನಿಮಿಷ ಬರೀ ಇಂಗ್ಲಿಷ್. ತಪ್ಪಿಗೆ ದಂಡವಿಲ್ಲ. ಸುಮ್ಮನೆ ಕುಳಿತವರು ಮಾತ್ರ ಟೀ ಕೊಡಿಸಬೇಕು. ಮೊದಲ ವಾರ ಟೀ ಖರ್ಚೆಲ್ಲ ನನ್ನದೇ. ಈಗ ನಮ್ಮ ಟೇಬಲ್ಲಿಗೆ ಇನ್ನೂ ಮೂವರು ಸೇರಿದ್ದಾರೆ.

ಮೊನ್ನೆ ಮತ್ತೊಂದು ಅಣಕು ಸಂದರ್ಶನ. ಹಾಳಾದ ಬಾಯಿ, ಮತ್ತೆ ‘ಡಿಡ್ ವೆಂಟ್’ ಅಂದಿತು. ಹಿಂದಿನಿಂದ ನಗು ಬಂತು. ನಾನೂ ನಕ್ಕು, ‘ಡಿಡ್ ಗೋ’ ಎಂದು ಸರಿಮಾಡಿಕೊಂಡು ಮುಂದುವರಿದೆ. ಕೊನೆಗೆ ಅವರೆಕಾಳಿನ ಕತೆಯನ್ನೂ ಇಂಗ್ಲಿಷಿನಲ್ಲೇ ಹೇಳಿದೆ. ಸಂದರ್ಶನ ಮಾಡುತ್ತಿದ್ದ ಸರ್ ನಕ್ಕರು. ‘ಇಂಗ್ಲಿಷ್ ಇನ್ನೂ ಸುಧಾರಿಸಬೇಕು, ಆದರೆ ಈ ಸಲ ನೀವು ಮಾತಾಡಿದ್ರಿ’ ಅಂದರು. ಕೆಲಸ ಸಿಗುತ್ತದೋ ಇಲ್ಲವೋ ಮುಂದಿನ ವರ್ಷ ಗೊತ್ತಾಗುತ್ತದೆ. ಎದ್ದು ಓಡಿ ಬರುವುದಿಲ್ಲ ಎಂಬುದಂತೂ ಗ್ಯಾರಂಟಿ.

ಅಂದು ಸಂಜೆ ಹೋಟೆಲಿನಲ್ಲಿದ್ದ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಎತ್ತಿದವರು ಅಮಲಾ. ‘ಯಾರು?’ ಅಂದರು. ಖುಷಿಯಲ್ಲಿ ದನಿ ಏರಿಸಿ ‘ಙ!’ ಅಂದುಬಿಟ್ಟೆ.

ಆ ಕಡೆಯಿಂದ ನಗು ಕೇಳಿಸಿತು. ‘ಇನ್ನು ನಾಲ್ಕು ಜನ ಎಲ್ಲಿ?’